'ಗ್ರೇಪ್‌ವೈನ್': ಯಾರ ದನಿಯಲ್ಲಿ ಕೇಳಬೇಕು, ಯಾರ ಧಾಟಿಯಲ್ಲಿ ನುಡಿಸಬೇಕು

ಬಿಟ್ಟುಹೋಗುವ ಮಾತು ಪ್ರೀತಿಸಿದವರ ಬಾಯಿಂದ ಬರಲಿಲ್ಲ, ಊರವರ ಬಾಯಿಂದ ಬಂತು. 'ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್' ಹಾಡಿನ ಕಥೆ ಅಷ್ಟೇ. ದ್ರಾಕ್ಷಿಬಳ್ಳಿಯಿಂದ ಕೇಳಿದೆ ಅಂದರೆ ಅಮೆರಿಕದ ಆಡುಮಾತಿನಲ್ಲಿ ಗಾಳಿಸುದ್ದಿ ಕಿವಿಗೆ ಬಿತ್ತು ಎಂದರ್ಥ. ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್ ಸೇರಿ 1966ರಲ್ಲಿ ಡೆಟ್ರಾಯಿಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿಗೆ ಕಟ್ಟಿಕೊಟ್ಟ ಈ ಸೋಲ್ (ಕಪ್ಪು ಅಮೆರಿಕನ್ನರ ಭಾವಗೀತದ ಶೈಲಿ) ಹಾಡನ್ನು ಆಮೇಲೆ ರಾಕ್‌ನವರು, ಪಂಕ್‌ನವರು, ಫಂಕ್‌ನವರು, ಕೊನೆಗೆ ಒಣದ್ರಾಕ್ಷಿಯ ಜಾಹೀರಾತಿನವರೂ ಹಾಡಿದರು. ಇಷ್ಟರಲ್ಲಿ ಯಾವುದನ್ನು ಮೊದಲು ಕೇಳಬೇಕು, ಬ್ಯಾಂಡ್‌ನಲ್ಲಿ ನುಡಿಸುವುದಾದರೆ ಯಾರ ಧಾಟಿ ಹಿಡಿಯಬೇಕು, ಹಿಡಿದರೆ ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ನೋಡೋಣ.

ಇದರಲ್ಲಿ ಮೂಲ ಯಾವುದು, ಕವರ್ (ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿದ್ದು) ಯಾವುದು ಎಂದು ಕೇಳಿದರೆ ಉತ್ತರ ಸಲೀಸಾಗಿ ಸಿಗುವುದಿಲ್ಲ. ಮೊದಲು ರೆಕಾರ್ಡ್ ಮಾಡಿದವರು ಸ್ಮೋಕಿ ರಾಬಿನ್ಸನ್ ಮತ್ತು ಮಿರಾಕಲ್ಸ್, 1966ರ ಆಗಸ್ಟ್‌ನಲ್ಲಿ. ಬಿಡುಗಡೆಗೆ ಮುನ್ನ ಹಾಡುಗಳನ್ನು ತೂಗಿ ನೋಡುವ ಕಂಪನಿಯ ಸಭೆಯಲ್ಲಿ ಮಾಲೀಕ ಬೆರಿ ಗೋರ್ಡಿ ಅದನ್ನು ಬದಿಗಿಟ್ಟರು. 1967ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಿಟ್‌ಫೀಲ್ಡ್ ಅದೇ ಹಾಡನ್ನು ಮಾರ್ವಿನ್ ಗೇ ಕೈಲಿ ಹಾಡಿಸಿದರು. ಅದೂ ಕಪಾಟು ಸೇರಿತು. ಅದೇ ವರ್ಷ ಜೂನ್‌ನಲ್ಲಿ ಗ್ಲಾಡಿಸ್ ನೈಟ್ ಮತ್ತು ಪಿಪ್ಸ್ ಹಾಡಿದ್ದು ಸೆಪ್ಟೆಂಬರ್‌ನಲ್ಲಿ ಹೊರಬಂತು. ಹಾಗಾಗಿ ಜನರ ಕಿವಿಗೆ ಮೊದಲು ಬಿದ್ದದ್ದು ಗ್ಲಾಡಿಸ್ ದನಿ. ಮಾರ್ವಿನ್ ಹಾಡು 1968ರ ಆಗಸ್ಟ್‌ನಲ್ಲಿ 'ಇನ್ ದ ಗ್ರೂವ್' ಆಲ್ಬಮ್‌ನ ಒಳಗೆ ಸದ್ದಿಲ್ಲದೆ ಬಂತು. ರೇಡಿಯೊದವರು ಅದನ್ನೇ ಎತ್ತಿ ಹಾಕತೊಡಗಿದ ಮೇಲೆ ಅಕ್ಟೋಬರ್ ಕೊನೆಯಲ್ಲಿ ಸಿಂಗಲ್ (ಒಂಟಿ ಹಾಡಿನ ರೆಕಾರ್ಡ್) ಆಯಿತು, ಡಿಸೆಂಬರ್‌ನಿಂದ ಏಳು ವಾರ ಅಮೆರಿಕದ ಪಾಪ್ ಪಟ್ಟಿಯ ತುದಿಯಲ್ಲಿ ಕೂತಿತು. ಮೊದಲು ಹಾಡಿದ್ದು ತಡವಾಗಿ ಬಂತು, ಕೊನೆಗೆ ಹಾಡಿದ್ದು ಮೊದಲು ಬಂತು. ಒಂದೇ ದೇವರನಾಮವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುವುದನ್ನು ಕೇಳಿ ಬೆಳೆದ ನಮಗೆ ಇದು ತೊಡಕಾಗಬೇಕಿಲ್ಲ.

ಆದ್ದರಿಂದ ಆರಿಸಿಕೊಳ್ಳಲು ಬೇರೆ ಅಳತೆಗೋಲು ಬೇಕು. ನಮಗೆ ಉಪಯೋಗಕ್ಕೆ ಬರುವ ಪ್ರಶ್ನೆ ಒಂದೇ: ಹಾಡುವವರಿಗೆ ಸುದ್ದಿ ತಿಳಿದು ಎಷ್ಟು ಹೊತ್ತಾಗಿದೆ? ಮಾರ್ವಿನ್‌ಗೆ ಈಗಷ್ಟೇ ತಿಳಿದಿದೆ, ಇನ್ನೂ ನಂಬಲಾಗುತ್ತಿಲ್ಲ. ಗ್ಲಾಡಿಸ್‌ಗೆ ನಿನ್ನೆಯೇ ತಿಳಿದಿದೆ, ಜವಾಬು ಕೇಳಲು ಬಾಗಿಲಿಗೆ ಬಂದು ನಿಂತಿದ್ದಾಳೆ. ಕ್ರೀಡೆನ್ಸ್ ಎಂಬ ರಾಕ್ ತಂಡದವರಿಗೆ ತಿಳಿದು ವಾರಗಳಾಗಿವೆ, ಅದನ್ನೇ ಮೆಲುಕು ಹಾಕುತ್ತ ನಡೆಯುತ್ತಿದ್ದಾರೆ. ವೇಗ, ಶ್ರುತಿ, ವಾದ್ಯಗಳ ಆಯ್ಕೆ ಎಲ್ಲವೂ ಈ ಒಂದು ತೀರ್ಮಾನದ ಹಿಂದೆ ಬರುತ್ತವೆ.

ಮಾರ್ವಿನ್ ಗೇ, 1968

ಒಂದನ್ನೇ ಕೇಳುವಷ್ಟು ಸಮಯವಿದ್ದರೆ ಇದನ್ನು ಕೇಳಿ. ಮೂರೂಕಾಲು ನಿಮಿಷದ ಹಾಡು, ವೇಗ ನಿಮಿಷಕ್ಕೆ ಸುಮಾರು 117 ಬೀಟ್. ಲೆಕ್ಕದಲ್ಲಿ ಇದು ನಿಧಾನದ ಹಾಡಲ್ಲ. ಆದರೂ ಕೇಳುವಾಗ ಕಾಲು ಭಾರವಾದಂತೆ ಅನಿಸುತ್ತದೆ, ಅದಕ್ಕೆ ಕಾರಣ ವಾದ್ಯಗಳ ಜೋಡಣೆಯಲ್ಲಿದೆ. ಮೊದಲು ವರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೊ, ನುಡಿಸಿದವರು ಜಾನಿ ಗ್ರಿಫಿತ್. ಅದರ ಜೊತೆ ಟ್ಯಾಂಬರಿನ್ನಿನ ಅಲುಗಾಟ, ಪೊದೆಯೊಳಗೆ ಏನೋ ಹರಿದಂತೆ. ಆಮೇಲೆ ಹಾರ್ನ್, ಅದರ ಕೆಳಗೆ ಟಾಮ್ ಡ್ರಮ್‌ಗಳ ಮಂದ್ರದ ಬಡಿತ. ದನಿ ಬರುವ ಹೊತ್ತಿಗೆ ಕೇಳುಗರಿಗೆ ಕೆಟ್ಟ ಸುದ್ದಿಯ ವಾಸನೆ ಬಡಿದಾಗಿದೆ.

ತಂತಿವಾದ್ಯಗಳ ಜೋಡಣೆ ಪಾಲ್ ರೈಸರ್ ಅವರದ್ದು, ನುಡಿಸಿದವರು ಡೆಟ್ರಾಯಿಟ್ ಸಿಂಫನಿಯ ಕಲಾವಿದರು. ಹೆಡ್‌ಫೋನ್ ಹಾಕಿ ಒಂದು ಸಲ ವಯೊಲಿನ್‌ಗಳನ್ನು ಮಾತ್ರ ಹಿಂಬಾಲಿಸಿ ನೋಡಿ. ಅವು ಹಾಡಿನ ಧಾಟಿಯನ್ನು ನುಡಿಸುವುದೇ ಇಲ್ಲ. ಮಾರ್ವಿನ್ ಸಾಲು ಮುಗಿಸಿದ ಜಾಗದಲ್ಲಿ ಬೆನ್ನ ಹಿಂದಿನಿಂದ ಬಂದು ಹೋಗುತ್ತವೆ. ಆಂಡಾಂಟಿಸ್ ಎಂಬ ಮೂವರು ಗಾಯಕಿಯರ ಹಿಮ್ಮೇಳವೂ ಹಾಗೆಯೇ ಬರುತ್ತದೆ. ಊರ ಬಾಯಿ ಎಂದು ಹಾಡು ಯಾವುದನ್ನು ಕರೆಯುತ್ತದೋ ಅದು ಈ ಹಿಮ್ಮೇಳದಲ್ಲೇ ಇದೆ ಎಂದು ನಮಗನಿಸುತ್ತದೆ.

ದನಿಯ ಗುಟ್ಟು ಶ್ರುತಿಯಲ್ಲಿದೆ. ಮಾರ್ವಿನ್‌ಗೆ ಹಾಯಾಗುವ ಶ್ರುತಿಗಿಂತ ಮೇಲೆ ಹಾಡಿಸಬೇಕೆಂದು ವಿಟ್‌ಫೀಲ್ಡ್ ಹಟ ಹಿಡಿದರು, ಅದಕ್ಕಾಗಿ ಇಬ್ಬರ ನಡುವೆ ಜಗಳವೂ ಆಯಿತು. ಮೋಟೌನ್‌ನದೇ ಇನ್ನೊಂದು ತಂಡ ಟೆಂಪ್ಟೇಶನ್ಸ್‌ನ ಗಾಯಕ ಡೇವಿಡ್ ರಫಿನ್ ಮೇಲೆ ಅವರು ಇದೇ ಉಪಾಯ ಮಾಡಿ ಗೆದ್ದಿದ್ದರು. ಗಂಟಲು ತಡಕಾಡುವ ಎತ್ತರಕ್ಕೆ ದನಿ ಹೋದಾಗ ನುಣುಪು ಹೋಗಿ ಒರಟು ಬರುತ್ತದೆ, ಆ ಒರಟೇ ನೋವಾಗಿ ಕೇಳುತ್ತದೆ. ವಾದ್ಯಗಳಿಲ್ಲದ ಬರಿ ದನಿಯ ಟ್ರ್ಯಾಕ್ ಇಂಟರ್‌ನೆಟ್‌ನಲ್ಲಿ ಸುತ್ತಾಡುತ್ತಿದೆ. ಹಾಡುವವರು ಅದನ್ನು ಒಮ್ಮೆಯಾದರೂ ಕೇಳಲೇಬೇಕು. ಪ್ರತಿ ಸಾಲಿನ ಮೊದಲ ಪದ ಬೀಟ್‌ಗಿಂತ ಕೂದಲೆಳೆಯಷ್ಟು ಹಿಂದೆ ಬೀಳುವುದು, ಸಾಲಿನ ಕೊನೆಯಲ್ಲಿ ಉಸಿರು ಪೂರ್ತಿ ಖಾಲಿಯಾಗುವುದು ಅಲ್ಲಿ ನಿಚ್ಚಳವಾಗಿ ಕೇಳುತ್ತದೆ.

ಮೂರನೇ ಚರಣದಲ್ಲಿ ಒಂದು ಗಾದೆ ಬರುತ್ತದೆ. ನಮ್ಮ 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದರ ಹತ್ತಿರದ ಮಾತು ಅದು: ಕಂಡದ್ದನ್ನು ಅರ್ಧ ನಂಬು, ಕೇಳಿದ್ದನ್ನು ನಂಬಲೇಬೇಡ. ಮಾರ್ವಿನ್ ಅದನ್ನು ಹೇಳುವ ಹೊತ್ತಿಗೆ ತಾನೇ ಅದನ್ನು ನಂಬುತ್ತಿಲ್ಲ. ಆ ಸಾಲಿನಲ್ಲಿ ದನಿ ಹೇಗೆ ಮೆತ್ತಗಾಗುತ್ತದೆ ಎಂಬುದನ್ನು ಗಮನಿಸಿ.

ಯಾರಿಗೆ ಇದು ಬೇಡ? ಕುಣಿಸಬೇಕೆಂದಿರುವವರಿಗೆ ಬೇಡ. ನಾಲ್ಕೇ ಜನರ ಬ್ಯಾಂಡ್‌ಗೂ ಬೇಡ. ಕೀಬೋರ್ಡ್‌ನ ವಯೊಲಿನ್ ಸದ್ದು ಹಾಕಿ ರೈಸರ್ ಅವರ ಜೋಡಣೆಯನ್ನು ಅನುಕರಿಸಲು ಹೋದರೆ ಅದು ಮದುವೆ ಮಂಟಪದ ಕೀಬೋರ್ಡ್‌ನಂತೆ ಕೇಳುತ್ತದೆ.

ಗ್ಲಾಡಿಸ್ ನೈಟ್ ಮತ್ತು ಪಿಪ್ಸ್, 1967

1967ರ ಏಪ್ರಿಲ್‌ನಲ್ಲಿ ಅರೀತಾ ಫ್ರಾಂಕ್ಲಿನ್ ಅವರ 'ರೆಸ್ಪೆಕ್ಟ್' ಬಂದು ಎಲ್ಲರ ಲೆಕ್ಕಾಚಾರವನ್ನೂ ಬದಲಿಸಿತ್ತು. ಅದನ್ನೂ ಮೀರಿಸುವ ಫಂಕ್ ಬೇಕೆಂದು ವಿಟ್‌ಫೀಲ್ಡ್ ಈ ಧಾಟಿ ಕಟ್ಟಿದರು. ಇಲ್ಲಿ ಮಾರ್ವಿನ್ ಹಾಡಿನ ಮಬ್ಬು ಇಲ್ಲ. ಚರ್ಚ್‌ನ ಗಾಸ್ಪೆಲ್ ಪಿಯಾನೊ, ಮುಂದೆ ನುಗ್ಗುವ ಡ್ರಮ್ಸ್, ಟ್ಯಾಂಬರಿನ್, ಮೂರು ನಿಮಿಷದೊಳಗೆ ಹಾಡು ಮುಗಿದೇ ಹೋಗುತ್ತದೆ. ಅಮೆರಿಕದ ಪಾಪ್ ಪಟ್ಟಿಯಲ್ಲಿ ಎರಡನೇ ಸ್ಥಾನ, ಆರ್ ಆ್ಯಂಡ್ ಬಿ (ರಿದಂ ಆ್ಯಂಡ್ ಬ್ಲೂಸ್) ಪಟ್ಟಿಯಲ್ಲಿ ಮೊದಲ ಸ್ಥಾನ. ಆವರೆಗಿನ ಮೋಟೌನ್ ಸಿಂಗಲ್‌ಗಳಲ್ಲೇ ಹೆಚ್ಚು ಮಾರಾಟವಾದದ್ದು ಇದು. ಒಂದು ವರ್ಷದ ನಂತರ ಆ ದಾಖಲೆ ಮುರಿದದ್ದು ಮಾರ್ವಿನ್ ಹಾಡಿದ ಇದೇ ಹಾಡು.

ಪಿಪ್ಸ್ ಅಂದರೆ ಗ್ಲಾಡಿಸ್‌ರ ಅಣ್ಣ ಬಬ್ಬ ನೈಟ್, ಸೋದರ ಸಂಬಂಧಿಗಳಾದ ಎಡ್ವರ್ಡ್ ಪ್ಯಾಟನ್ ಮತ್ತು ವಿಲಿಯಂ ಗೆಸ್ಟ್. ಈ ಮೂವರನ್ನು ಬರಿ ಹಿಮ್ಮೇಳ ಎಂದುಕೊಂಡರೆ ಧಾಟಿ ಕೈತಪ್ಪುತ್ತದೆ. ಗ್ಲಾಡಿಸ್ ಒಂದು ಮಾತು ಎಸೆದರೆ ಇವರು ಹಿಡಿದು ವಾಪಸ್ ಎಸೆಯುತ್ತಾರೆ, ಜಗಳಕ್ಕೆ ಹೋಗುವವಳ ಹಿಂದೆ ಮನೆಯವರೆಲ್ಲ ಹೊರಟ ಹಾಗೆ. ಇದನ್ನು ಮಾಡಲು ಕನಿಷ್ಠ ಇಬ್ಬರು ಹಿಮ್ಮೇಳದವರು ಬೇಕು, ಅವರು ಉಸಿರು ತೆಗೆದುಕೊಳ್ಳುವ ಜಾಗವನ್ನೂ ಬರೆದಿಟ್ಟುಕೊಂಡು ಅಭ್ಯಾಸ ಮಾಡಬೇಕು. ಸಾಮಾನ್ಯವಾಗಿ ಕೆಡುವುದು ಇಲ್ಲೇ: ಮುಖ್ಯ ಗಾಯಕಿ ಚೆನ್ನಾಗಿ ಹಾಡುತ್ತಾರೆ, ಹಿಮ್ಮೇಳದವರು ವೇದಿಕೆ ಮೇಲೆ ಮೊದಲ ಸಲ ಭೇಟಿಯಾದವರಂತೆ ತಡವಾಗಿ ಬರುತ್ತಾರೆ. ತಡವಾದರೆ ಜಗಳದ ಬಿಸಿ ಆರುತ್ತದೆ. ತಾಲೀಮಿನಲ್ಲಿ ವಾದ್ಯ ನಿಲ್ಲಿಸಿ, ಚಪ್ಪಾಳೆ ಮಾತ್ರ ಇಟ್ಟುಕೊಂಡು, ಮುಖ್ಯ ಗಾಯಕಿ ಮತ್ತು ಹಿಮ್ಮೇಳ ಇಡೀ ಹಾಡನ್ನು ಹತ್ತು ಸಲ ಹೇಳಿದರೆ ಈ ದೋಷ ಹೋಗುತ್ತದೆ.

ಹುರುಪಿನ ಗಾಯಕಿ ಇದ್ದು, ಜನರನ್ನು ಕುರ್ಚಿಯಿಂದ ಎಬ್ಬಿಸಬೇಕಿದ್ದರೆ ನಮ್ಮ ಸಲಹೆ ಇದೇ. ಮಾರ್ವಿನ್ ಹಾಡಿನ ಖ್ಯಾತಿಯ ನೆರಳಿನಲ್ಲಿ ಇದನ್ನು ಕೇಳದೆ ಬಿಟ್ಟವರು ಬಹಳ ಇದ್ದಾರೆ. ಅದು ದೊಡ್ಡ ನಷ್ಟ.

ಮಿರಾಕಲ್ಸ್‌ನ ಮೊದಲ ರೆಕಾರ್ಡಿಂಗ್ 1968ರ 'ಸ್ಪೆಷಲ್ ಅಕೇಶನ್' ಆಲ್ಬಮ್‌ನಲ್ಲಿ ಸಿಗುತ್ತದೆ. ಸ್ಮೋಕಿಯ ದನಿ ಸಿಹಿ, ಹಾಡಿಗೆ ಬೇಕಾದ್ದು ಕಹಿ. ಗೋರ್ಡಿ ಅದನ್ನು ಏಕೆ ತಡೆದರು ಎಂದು ತಿಳಿಯಲು ಒಮ್ಮೆ ಕೇಳಿದರೆ ಸಾಕು. ಟೆಂಪ್ಟೇಶನ್ಸ್ 1969ರ 'ಕ್ಲೌಡ್ ನೈನ್' ಆಲ್ಬಮ್‌ನಲ್ಲಿ ಹಾಡಿದ್ದೂ ಇದೆ, ಅದು ವಿಟ್‌ಫೀಲ್ಡ್ ತಮ್ಮ ಹಾಡನ್ನು ಎಷ್ಟು ಸಲ ತಿರುಗಿಸಿ ನೋಡುತ್ತಿದ್ದರು ಎಂಬುದಕ್ಕೆ ಸಾಕ್ಷಿ.

ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್, 1970

ಬೆಂಗಳೂರಿನಲ್ಲಿ ಹಳೆ ರಾಕ್ ಕೇಳಿ ಬೆಳೆದವರಲ್ಲಿ ಅನೇಕರು ಈ ಹಾಡನ್ನು ಮೊದಲು ಕೇಳಿದ್ದು ಕ್ರೀಡೆನ್ಸ್ ಕ್ಯಾಸೆಟ್‌ನಲ್ಲಿ. 'ಕಾಸ್ಮೋಸ್ ಫ್ಯಾಕ್ಟರಿ' ಆಲ್ಬಮ್‌ನ ಈ ಹಾಡು 11 ನಿಮಿಷ ದಾಟುತ್ತದೆ. ಮಾತೆಲ್ಲ ಬೇಗ ಹೇಳಿ ಮುಗಿಸಿ, ಉಳಿದ ಬಹುಪಾಲನ್ನು ಗಿಟಾರ್‌ಗೆ ಬಿಟ್ಟುಕೊಟ್ಟಿದ್ದಾರೆ. ವಯೊಲಿನ್ ಇಲ್ಲ, ಹಾರ್ನ್ ಇಲ್ಲ, ಗಾಯಕಿಯರಿಲ್ಲ. ಜಾನ್ ಫೋಗರ್ಟಿ ದನಿ ಮತ್ತು ಗಿಟಾರ್, ಟಾಮ್ ಫೋಗರ್ಟಿ ರಿದಂ ಗಿಟಾರ್, ಸ್ಟೂ ಕುಕ್ ಬಾಸ್, ಡಗ್ ಕ್ಲಿಫರ್ಡ್ ಡ್ರಮ್ಸ್, ಒಟ್ಟು ನಾಲ್ಕೇ ಜನ.

ನಾಲ್ಕು ಜನರ ಬ್ಯಾಂಡ್‌ಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಕೈಗೆ ಸುಲಭ ಎಂದು ತೋರುವುದರಿಂದಲೇ ಇದನ್ನು ಕೆಡಿಸುವವರೂ ಹೆಚ್ಚು. ಮೊದಲ ತಪ್ಪು ವೇಗದ್ದು. ಐದನೇ ನಿಮಿಷಕ್ಕೆ ಬರುವಷ್ಟರಲ್ಲಿ ಗಿಟಾರಿಸ್ಟ್ ಹುರುಪಿಗೆ ಡ್ರಮ್ಮರ್ ಓಡತೊಡಗುತ್ತಾರೆ, ಓಡಿದ ಕ್ಷಣ ಹಾಡಿನ ನಡಿಗೆ ಹೋಗುತ್ತದೆ. ಕ್ಲಿಫರ್ಡ್ ಮತ್ತು ಕುಕ್ ಜಾಗ ಬಿಟ್ಟು ಕದಲುವುದಿಲ್ಲ. ಅವರು ಕದಲದಿರುವುದರಿಂದಲೇ ಗಿಟಾರ್ ಅಲೆದಾಡಬಹುದು. ಡ್ರಮ್ಮರ್ ಕಿವಿಗೆ ಮೆಟ್ರೊನೋಮ್ ಕೊಡಿ. ಅದು ಆಗದಿದ್ದರೆ ತಾಲೀಮನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಮೊದಲ ನಿಮಿಷ ಮತ್ತು ಎಂಟನೇ ನಿಮಿಷದ ಬೀಟ್ ಎಣಿಸಿ ನೋಡಿ. ನಾಲ್ಕು ಬೀಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಭ್ಯಾಸ ಸಾಲದು.

ಎರಡನೇ ತಪ್ಪು ಸೋಲೊ ಕಟ್ಟುವುದರಲ್ಲಿ. ತಿಳಿದಿದ್ದನ್ನೆಲ್ಲ ಮೊದಲ ನಿಮಿಷದಲ್ಲೇ ಸುರಿದುಬಿಟ್ಟರೆ ಉಳಿದ ಹೊತ್ತಿಗೆ ಏನೂ ಇರುವುದಿಲ್ಲ. ರಾಗ ಆಲಾಪನೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ 16 ಬಾರ್ (ನಾಲ್ಕು ಬೀಟ್‌ಗೆ ಒಂದು ಬಾರ್) ಮಂದ್ರದ ಮೂರೇ ಸ್ವರಗಳಲ್ಲಿ ಇರಿ, ನಡುವೆ ಪೂರ್ತಿ ಎರಡೆರಡು ಬಾರ್ ಸುಮ್ಮನಿರಿ. ಮುಂದಿನ 16ಕ್ಕೆ ಮಧ್ಯ ಸ್ಥಾಯಿ. ತಾರದ ಸ್ವರವನ್ನು ಕೊನೆಯ ಕಾಲು ಭಾಗಕ್ಕೆ ಉಳಿಸಿಕೊಳ್ಳಿ. ವೇದಿಕೆಗೆ 11 ನಿಮಿಷ ಹೆಚ್ಚಾದರೆ ಆರು ನಿಮಿಷಕ್ಕೆ ಇಳಿಸಿ. ನಾಲ್ಕಕ್ಕಿಂತ ಕೆಳಗಿಳಿಸಿದರೆ ಈ ಧಾಟಿ ಆರಿಸಿಕೊಂಡ ಉದ್ದೇಶವೇ ಉಳಿಯುವುದಿಲ್ಲ. 1976ರಲ್ಲಿ ಕತ್ತರಿಸಿ ಬಿಟ್ಟ ಸಿಂಗಲ್ ಕೇಳಿದರೆ ಇದು ಗೊತ್ತಾಗುತ್ತದೆ.

ಸ್ಲಿಟ್ಸ್, ರಾಜರ್, ಏಮಿ

ಸ್ಲಿಟ್ಸ್ ಲಂಡನ್ನಿನ ಪಂಕ್ ಹುಡುಗಿಯರ ತಂಡ. 1979ರ 'ಟಿಪಿಕಲ್ ಗರ್ಲ್ಸ್' ಸಿಂಗಲ್‌ನ ಹಿಂಬದಿಯಲ್ಲಿ ಅವರ ಗ್ರೇಪ್‌ವೈನ್ ಇದೆ. ಇಲ್ಲಿ ಹಾಡನ್ನು ಹೊತ್ತು ನಡೆಯುವುದು ಟೆಸಾ ಪಾಲಿಟ್ ಅವರ ಬಾಸ್, ರೆಗೆ ಶೈಲಿಯದ್ದು. ವಿವ್ ಆಲ್ಬರ್ಟೀನ್ ಗಿಟಾರ್ ಗೀಚುತ್ತದೆ, ಆರಿ ಅಪ್ ದನಿ ಎಲ್ಲೆಂದರಲ್ಲಿ ಹಾರುತ್ತದೆ. ಒಂದು ಕಡೆ ಅವರು 'ಗ್ರೇಪ್‌ವೈನ್' ತೆಗೆದು 'ಬಾಸ್‌ಲೈನ್' ಎಂದೇ ಹಾಡಿಬಿಡುತ್ತಾರೆ. ಸುದ್ದಿ ತಿಳಿದವಳಿಗೆ ಬಿಟ್ಟುಹೋದವನ ಬಗ್ಗೆ ಚಿಂತೆಯೇ ಇಲ್ಲ, ಸುದ್ದಿಯ ಲಯದಲ್ಲಿ ಖುಷಿಯಿದೆ. ದೊಡ್ಡ ದನಿ ಇಲ್ಲದ ಗಾಯಕಿಗೆ, ಬಾಸ್ ಗಟ್ಟಿಯಿರುವ ತಂಡಕ್ಕೆ ಇದು ಹೊಂದುತ್ತದೆ. ಗಿಟಾರ್ ಆಫ್‌ಬೀಟ್‌ನಲ್ಲಿ ಬರಬೇಕು, ತಂತಿಯನ್ನು ಎಡಗೈಯಿಂದ ತಕ್ಷಣ ಒತ್ತಿ ಸದ್ದು ಕತ್ತರಿಸಬೇಕು. ಸದ್ದು ಉದ್ದವಾಯಿತೋ, ಬಾಸ್‌ಗೆ ಜಾಗ ಉಳಿಯುವುದಿಲ್ಲ.

ರಾಜರ್ ಟ್ರೌಟ್‌ಮನ್ ಓಹಾಯೊದ ಜ್ಯಾಪ್ ತಂಡದ ಮುಖ್ಯಸ್ಥ. 1981ರ ಅವರ ಮೊದಲ ಸೋಲೊ ಆಲ್ಬಮ್‌ನಲ್ಲಿ ಈ ಹಾಡು ಹತ್ತು ನಿಮಿಷಕ್ಕೂ ಹೆಚ್ಚು ಉದ್ದವಿದೆ. ಅದರ ಸಿಂಗಲ್ ಆರ್ ಆ್ಯಂಡ್ ಬಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಗ್ಲಾಡಿಸ್, ಮಾರ್ವಿನ್, ರಾಜರ್ ಮೂವರೂ ಒಂದೇ ಹಾಡಿನಿಂದ ಆ ಪಟ್ಟಿಯ ತುದಿ ಮುಟ್ಟಿದವರು. ಯಂತ್ರ ಹಾಡಿದಂತೆ ಕೇಳುವುದು ಟಾಕ್ ಬಾಕ್ಸ್‌ನಿಂದ. ಸಿಂಥಸೈಸರ್ ಸದ್ದು ಒಂದು ಪುಟ್ಟ ಸ್ಪೀಕರ್‌ನಿಂದ ಪ್ಲಾಸ್ಟಿಕ್ ಕೊಳವೆಯೊಳಗೆ ಹೋಗಿ ಬಾಯಿಗೆ ಬರುತ್ತದೆ. ಬಾಯಿಯ ಆಕಾರ ಅದನ್ನು ಮಾತಾಗಿಸುತ್ತದೆ, ಮೈಕ್ ಅದನ್ನು ಹಿಡಿಯುತ್ತದೆ. ಗಂಟಲಿಗೆ ಕೆಲಸವೇ ಇಲ್ಲ, ಹೊಸಬರು ಎಡವುವುದೂ ಅಲ್ಲೇ. ಅಭ್ಯಾಸಬಲದಿಂದ ತಾವೂ ಹಾಡಿಬಿಟ್ಟು ಎರಡು ದನಿ ಕಲಸಿಹೋಗುತ್ತವೆ. ಕೊಳವೆಯನ್ನು ಬಾಯಿಯ ಒಂದು ಮೂಲೆಯಲ್ಲಿ, ಹಲ್ಲಿನಿಂದ ಎರಡು ಮೂರು ಸೆಂಟಿಮೀಟರ್‌ನಷ್ಟು ಮಾತ್ರ ಒಳಗಿಡಿ. ಹೆಚ್ಚು ಒಳಗೆ ಹೋದರೆ ನಾಲಿಗೆಗೆ ಜಾಗ ಸಾಲದೆ ವ್ಯಂಜನಗಳು ಸತ್ತುಹೋಗಿ ಬರಿ ಸ್ವರ ಉಳಿಯುತ್ತದೆ. ಕುಣಿತದ ರಾತ್ರಿಗೆ ಗ್ಲಾಡಿಸ್ ಬಿಟ್ಟರೆ ಇದೇ.

ಬ್ರಿಟನ್ನಿನ ಗಾಯಕರಾದ ಏಮಿ ವೈನ್‌ಹೌಸ್ ಮತ್ತು ಪಾಲ್ ವೆಲ್ಲರ್ 2006ರ ಡಿಸೆಂಬರ್ 31ರ ರಾತ್ರಿ ಪ್ರಸಾರವಾದ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಇದನ್ನು ಜೋಡಿಯಾಗಿ ಹಾಡಿದರು. ಒಬ್ಬರ ಅಳಲನ್ನು ಇಬ್ಬರು ಹಂಚಿಕೊಂಡರೆ ಯಾರು ಯಾರನ್ನು ಬಿಟ್ಟರು ಎಂಬ ಗೊಂದಲ ಹುಟ್ಟುತ್ತದೆ. ಏಮಿಯ ದನಿ ಅದನ್ನು ಮರೆಸುತ್ತದೆ, ಬೇರೆಯವರಿಗೆ ಆ ಅದೃಷ್ಟ ಇರಲಾರದು. ಯುಗಳವೇ ಬೇಕಿದ್ದರೆ ಚರಣಗಳನ್ನು ಹಂಚಿಕೊಳ್ಳಿ, ಪಲ್ಲವಿಯ ಸಾಲಿಗೆ ಮಾತ್ರ ಒಂದಾಗಿ. ಸಾಲು ಸಾಲನ್ನೂ ಅರ್ಧರ್ಧ ಮಾಡಬೇಡಿ.

ಶ್ರುತಿ ಮತ್ತು ಕಾರ್ಡ್

ಮಾರ್ವಿನ್ ಹಾಡು ಇ ಫ್ಲ್ಯಾಟ್ ಮೈನರ್‌ನಲ್ಲಿದೆ, ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಎರಡು. ಕ್ರೀಡೆನ್ಸ್ ಡಿ ಮೈನರ್, ಬಿಳಿ ಎರಡು. ಅಂತರ ಅರ್ಧ ಸ್ವರ ಮಾತ್ರ. ಆದರೆ ಆ ಅರ್ಧ ಸ್ವರ ಗಿಟಾರ್ ಹಿಡಿದವರಿಗೆ ದೊಡ್ಡ ಉಪಕಾರ, ಏಕೆಂದರೆ ತೆರೆದ ತಂತಿಗಳ ಕಾರ್ಡ್ ಕೈಗೆ ಬರುತ್ತವೆ. ಮಾರ್ವಿನ್ ಶ್ರುತಿಯೇ ಬೇಕಿದ್ದರೆ ಕೇಪೊವನ್ನು (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಮೊದಲ ಫ್ರೆಟ್‌ಗೆ ಹಾಕಿ ಡಿ ಮೈನರ್ ಕಾರ್ಡ್‌ಗಳನ್ನೇ ನುಡಿಸಿ.

ಡಿ ಮೈನರ್‌ನಲ್ಲಿ ಚರಣದ ಮೊದಲೆರಡು ಸಾಲಿಗೆ ಡಿ ಮೈನರ್, ಎ 7, ಜಿ 7. ಆಮೇಲಿನ ಸಾಲಿಗೆ ಬಿ ಮೈನರ್‌ನಿಂದ ಜಿ 7, ಮತ್ತೆ ಡಿ ಮೈನರ್‌ನಿಂದ ಜಿ 7. ಪಲ್ಲವಿ ಪೂರ್ತಿ ಡಿ ಮೈನರ್ ಮತ್ತು ಜಿ 7 ನಡುವೆ ಓಲಾಡುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಮೈನರ್ ಶ್ರುತಿ ಅಲ್ಲವೇ ಎಂದುಕೊಂಡು ಜಿ ಕಾರ್ಡನ್ನೂ ಮೈನರ್ ಮಾಡಿಬಿಡುತ್ತಾರೆ. ಆಗ ಹಾಡು ಬರಿ ಅಳುಮುಂಜಿಯಾಗುತ್ತದೆ. ಜಿ ಮೇಜರ್‌ನಲ್ಲಿ ಬಿ ಸ್ವರ ಶುದ್ಧವಾಗಿದೆ, ಅಂದರೆ ಡಿ ಷಡ್ಜವಾದರೆ ಅದು ಚತುಶ್ರುತಿ ಧೈವತ. ಸಾಧಾರಣ ಗಾಂಧಾರದ ಜೊತೆ ಈ ಧೈವತ ಸೇರಿ ಖರಹರಪ್ರಿಯದ ಸ್ವರಮೇಳ ನೆನಪಾಗುತ್ತದೆ. ಎ 7 ಬಂದಾಗ ಮಾತ್ರ ಕಾಕಲಿ ನಿಷಾದ ಒಳಗೆ ಇಣುಕಿ ಹೋಗುತ್ತದೆ. ದುಃಖದ ಹಾಡಿಗೆ ಬೆನ್ನೆಲುಬು ಕೊಟ್ಟಿರುವುದು ಆ ಧೈವತವೇ. ಸೋಲೊ ನುಡಿಸುವವರೂ ಡಿ ಮೈನರ್ ಪೆಂಟಟಾನಿಕ್‌ಗೆ ಬಿ ಸೇರಿಸಿಕೊಳ್ಳಬೇಕು, ಬಿ ಫ್ಲ್ಯಾಟ್ ಮುಟ್ಟಿದರೆ ಜಿ 7 ಮೇಲೆ ಅಪಸ್ವರವಾಗುತ್ತದೆ.

ದನಿಯ ಮಾತು. ಬಹುಪಾಲು ಗಂಡಸರಿಗೆ ಮಾರ್ವಿನ್ ಶ್ರುತಿ ಹೆಚ್ಚಾಗುತ್ತದೆ. ಸಿ ಮೈನರ್‌ಗೆ, ಅಂದರೆ ಬಿಳಿ ಒಂದಕ್ಕೆ ಇಳಿಸಿ ನೋಡಿ: ಸಿ ಮೈನರ್, ಜಿ 7, ಎಫ್ 7, ನಡುವೆ ಎ ಮೈನರ್. ಅದಕ್ಕಿಂತ ಕೆಳಗೆ, ತೀರಾ ಹಾಯಾಗುವ ಜಾಗಕ್ಕೆ ಇಳಿಸಬೇಡಿ. ಎತ್ತರದ ಸ್ವರ ತುಸು ಕಷ್ಟಪಟ್ಟೇ ಬರಬೇಕು. ಕಷ್ಟಪಡುವುದು ಬೇರೆ, ಗಂಟಲು ಹರಿಯುವುದು ಬೇರೆ. ಮೂರು ಸಲ ಹಾಡಿದ ಮೇಲೆ ಮಾತಾಡುವ ದನಿ ಒಡೆದಿದ್ದರೆ ಅರ್ಧ ಸ್ವರ ಇಳಿಸಿ. ತಗ್ಗು ದನಿಯ ಗಾಯಕಿಯರು ಮಾರ್ವಿನ್ ಶ್ರುತಿಯಲ್ಲಿ, ಅದೇ ಸ್ಥಾಯಿಯಲ್ಲಿ ಹಾಡಬಹುದು. ಗಂಡಸು ಅಳಬಾರದು ಎಂಬ ಅರ್ಥದ ಸಾಲೊಂದು ಮಾರ್ವಿನ್ ಹಾಡಿನಲ್ಲಿದೆ. ಹಾಗೆಯೇ ಹಾಡುವುದೋ, ಒಂದು ಪದ ಬದಲಿಸುವುದೋ ಎಂದು ಗಾಯಕಿಯರು ತಾಲೀಮಿನಲ್ಲೇ ತೀರ್ಮಾನಿಸಿಕೊಳ್ಳಿ, ವೇದಿಕೆ ಮೇಲೆ ತಡವರಿಸಿದರೆ ಆ ಚರಣವೇ ಹೋಗುತ್ತದೆ.

ಬಾಸ್ ಕಲಿಯುವವರಿಗೆ ಮೋಟೌನ್‌ನ ಜೇಮ್ಸ್ ಜೇಮರ್ಸನ್ ಅವರ ಸದ್ದು ಬೇಕಿದ್ದರೆ ಹಣ ಹೆಚ್ಚು ಬೇಡ. ಅವರ ವಾದ್ಯ 1962ರ ಫೆಂಡರ್ ಪ್ರಿಸಿಶನ್. ದಪ್ಪನೆಯ ಫ್ಲ್ಯಾಟ್‌ವೂಂಡ್ ತಂತಿ, ಬ್ರಿಡ್ಜ್ ಬಳಿ ತಂತಿಗೆ ತಾಗುವ ಹಾಗೆ ಸ್ಪಂಜಿನ ತುಂಡು, ಮೀಟುವುದು ತೋರುಬೆರಳೊಂದರಿಂದಲೇ. ತಂತಿ ಹಳತಾದಷ್ಟೂ ಒಳ್ಳೆಯದೆಂದು ಅವರು ಬದಲಿಸುತ್ತಿರಲಿಲ್ಲ. ನಿಮ್ಮ ಬಾಸ್‌ನಲ್ಲಿ ಬ್ರಿಡ್ಜ್ ಹತ್ತಿರ ಒಂದೂವರೆ ಸೆಂಟಿಮೀಟರ್ ಅಗಲದ ಪಾತ್ರೆ ಉಜ್ಜುವ ಸ್ಪಂಜ್ ಸಿಕ್ಕಿಸಿ, ಟೋನ್ ಗುಂಡಿಯನ್ನು ಅರ್ಧಕ್ಕೆ ಇಳಿಸಿ. ಸ್ಪಂಜ್ ತಂತಿಯನ್ನು ಮುಟ್ಟಬೇಕು, ಎತ್ತಬಾರದು. ಎತ್ತಿದರೆ ಶ್ರುತಿ ಏರುತ್ತದೆ. ಸ್ಲಿಟ್ಸ್ ಧಾಟಿಗೆ ಈ ಸ್ಪಂಜ್ ತೆಗೆದಿಡಿ, ಅಲ್ಲಿ ಸ್ವರ ಉದ್ದಕ್ಕೆ ಗುಂಯ್‌ಗುಡಬೇಕು.

ಹುಡುಕುವಾಗ, ಹಾಡುವಾಗ

ಸ್ಟ್ರೀಮಿಂಗ್‌ನಲ್ಲಿ ಈ ಹೆಸರು ಹಾಕಿದರೆ ಸಾಲು ಸಾಲು ಬರುತ್ತದೆ, ಅದರಲ್ಲಿ ಅನುಕರಣೆಗಳೂ ಕರೋಕೆಗಳೂ ಇರುತ್ತವೆ. ಉದ್ದ ನೋಡಿ ಗುರುತು ಹಿಡಿಯಿರಿ: ಮಾರ್ವಿನ್ ಮೂರೂಕಾಲು ನಿಮಿಷದ ಆಸುಪಾಸು, ಗ್ಲಾಡಿಸ್ ಮೂರು ನಿಮಿಷದೊಳಗೆ, ಕ್ರೀಡೆನ್ಸ್ 11 ದಾಟಿರಬೇಕು. ಗ್ಲಾಡಿಸ್‌ರದ್ದು 'ಎವರಿಬಡಿ ನೀಡ್ಸ್ ಲವ್' ಆಲ್ಬಮ್‌ನಲ್ಲಿದೆ. ಮಾರ್ವಿನ್ ಆಲ್ಬಮ್‌ಗೆ ಆಮೇಲೆ ಈ ಹಾಡಿನ ಹೆಸರನ್ನೇ ಇಟ್ಟರು, ಹೀಗಾಗಿ 'ಇನ್ ದ ಗ್ರೂವ್' ಸಿಗದಿದ್ದರೆ ಗಾಬರಿ ಬೇಡ. ಮೋನೊ, ಸ್ಟೀರಿಯೊ ಎರಡೂ ಇದ್ದರೆ ಮಾರ್ವಿನ್‌ರದ್ದನ್ನು ಮೊದಲು ಮೋನೊದಲ್ಲಿ ಕೇಳಿ. ರೇಡಿಯೊಗಳಲ್ಲಿ ಅಂದು ಕೇಳಿಸಿದ್ದು ಅದು, ಡ್ರಮ್ಸ್ ಮತ್ತು ಬಾಸ್ ಒಂದೇ ಗುದ್ದಾಗಿ ಬರುತ್ತವೆ. ಆಮೇಲೆ ವಯೊಲಿನ್ ಬಿಡಿಸಿ ಕೇಳಲು ಸ್ಟೀರಿಯೊ. 1985ರ ಬ್ರಿಟನ್ನಿನ ಲೆವೈಸ್ ಜೀನ್ಸ್ ಜಾಹೀರಾತಿನಲ್ಲಿದ್ದದ್ದು ಮಾರ್ವಿನ್ ದನಿಯಲ್ಲ, ಅದಕ್ಕೆಂದೇ ಮತ್ತೆ ಹಾಡಿಸಿದ್ದು. ಜೇಡಿಮಣ್ಣಿನ ಒಣದ್ರಾಕ್ಷಿಗಳು ಕುಣಿಯುವ 1986ರ ಕ್ಯಾಲಿಫೋರ್ನಿಯಾ ಜಾಹೀರಾತಿನ ದನಿ ಬಡ್ಡಿ ಮೈಲ್ಸ್ ಅವರದ್ದು.

ಪಬ್‌ನಲ್ಲೋ ಕಾರ್ಯಕ್ರಮದಲ್ಲೋ ಹಾಡಲು ಬೇಕಾದ ಪರವಾನಗಿಯನ್ನು ಹಾಡು ಕಟ್ಟಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ ಐಪಿಆರ್‌ಎಸ್‌ನಿಂದ ಪಡೆಯುವುದು ಸಾಮಾನ್ಯವಾಗಿ ಜಾಗದವರ ಅಥವಾ ಆಯೋಜಕರ ಹೊಣೆ, ಒಪ್ಪಂದಕ್ಕೆ ಮುನ್ನ ಕೇಳಿ ಖಚಿತ ಮಾಡಿಕೊಳ್ಳಿ. ರೆಕಾರ್ಡ್ ಮಾಡಿ ಬಿಡುಗಡೆ ಮಾಡುವುದು ಬೇರೆ ಲೆಕ್ಕ. ನಮ್ಮ ಕಾಪಿರೈಟ್ ಕಾಯ್ದೆಯ 31ಸಿ ಕಲಮು ಐದು ವರ್ಷ ದಾಟಿದ ಹಾಡುಗಳ ಕವರ್‌ಗೆ ದಾರಿ ಕೊಟ್ಟಿದೆ, ಆದರೆ ಮುಂಚಿತವಾಗಿ ನೋಟಿಸ್ ಕೊಡಬೇಕು, 50,000 ಪ್ರತಿಗಳ ರಾಯಧನ ಮುಂಗಡ ಕಟ್ಟಬೇಕು. ಕನ್ನಡದ ಮಾತು ಹಾಕಿ ಹಾಡುವ ಆಸೆಯಿದ್ದರೆ ಈ ಕಲಮಿನಲ್ಲಿ ಅದಕ್ಕೆ ಜಾಗವಿಲ್ಲ, ಹಕ್ಕುದಾರರ ಅನುಮತಿಯೇ ಬೇಕು.

ಕೊನೆಗೆ, ಹಾಡನ್ನು ಮುಗಿಸುವುದು. ಮಾರ್ವಿನ್ ರೆಕಾರ್ಡಿಂಗ್ ಸದ್ದು ಕರಗುತ್ತ ಮುಗಿಯುತ್ತದೆ, ವೇದಿಕೆ ಮೇಲೆ ಹಾಗೆ ಕರಗಲು ಆಗದು. ಮೊದಲೇ ಮಾತಾಡಿಕೊಳ್ಳದ ಬ್ಯಾಂಡ್‌ಗಳು ಡಿ ಮೈನರ್ ಮತ್ತು ಜಿ 7 ನಡುವೆ ಒಬ್ಬರ ಮುಖ ಒಬ್ಬರು ನೋಡುತ್ತ ಸುತ್ತುತ್ತವೆ. ಹೀಗೆ ಮಾಡಿ: ಗಾಯಕರು ಪಲ್ಲವಿಯ ಸಾಲನ್ನು ಮೂರು ಸಲ ಹೇಳಲಿ, ಮುಕ್ತಾಯದಂತೆ. ಒಂದನೇ ಸಲಕ್ಕೆ ಡ್ರಮ್ಸ್ ನಿಲ್ಲಲಿ, ಎರಡನೇ ಸಲಕ್ಕೆ ಬಾಸ್ ನಿಲ್ಲಲಿ. ಮೂರನೇ ಸಲಕ್ಕೆ ಎಲೆಕ್ಟ್ರಿಕ್ ಪಿಯಾನೊ ಅಥವಾ ಒಂದು ಗಿಟಾರ್ ಮಾತ್ರ ಮೈನರ್ ಕಾರ್ಡ್ ಹಿಡಿದಿರಲಿ, ಟ್ಯಾಂಬರಿನ್ ಇನ್ನೂ ಎರಡು ಬಾರ್ ಅಲುಗಿ ನಿಲ್ಲಲಿ.